ಅಡುಗೆಮನೆಗೆ ಇಕ್ಕಳ ಆರಿಸುವುದು ಹೇಗೆ: ಕೈ ಸುಡದಂತೆ, ಬಾಣಲೆ ಕೆಡದಂತೆ

ಇಕ್ಕಳದ ವಿಷಯದಲ್ಲಿ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಪೂರ್ತಿ ಸ್ಟೀಲಿನದು ಕೊಳ್ಳಬೇಕೇ, ಸಿಲಿಕೋನ್ ತುದಿಯದು ಕೊಳ್ಳಬೇಕೇ? ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಕಪ್ಪು ಪ್ಲಾಸ್ಟಿಕ್ಕಿನದು ಆರೋಗ್ಯಕ್ಕೆ ಕೆಟ್ಟದ್ದಂತೆ, ನಿಜವೇ? ಎರಡಕ್ಕೂ ಮುಂದೆ ಉತ್ತರವಿದೆ. ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಈ ಇಕ್ಕಳದ ಸ್ಪ್ರಿಂಗ್ ನನ್ನ ಕೈಗೆ ಎಷ್ಟು ಬಿಗಿ?

ಬಿಗಿ ಸ್ಪ್ರಿಂಗಿನ ಇಕ್ಕಳ ಅಂಗಡಿಯಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಒಲೆಯ ಮುಂದೆ ಹತ್ತು ನಿಮಿಷ ಬಳಸಿದ ಮೇಲೆ ಬೆರಳುಗಳು ಸೋಲುತ್ತವೆ, ಹಿಡಿತ ಸಡಿಲವಾಗುತ್ತದೆ, ಬಿಸಿ ಎಣ್ಣೆಯಿಂದ ಎತ್ತಿದ ತುಂಡು ಮತ್ತೆ ಎಣ್ಣೆಗೇ ಬೀಳುತ್ತದೆ. ಎಣ್ಣೆ ಮೈಮೇಲೆ ಸಿಡಿಯುವುದು ಆಗಲೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಲೋಹಕ್ಕಿಂತ ಮೊದಲು ನಿಮ್ಮ ಕೈಯನ್ನು ಇಟ್ಟುಕೊಂಡಿದ್ದೇನೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ಅಳತೆ ಪಟ್ಟಿ, ಒಂದು ಚಿಕ್ಕ ಅಯಸ್ಕಾಂತ, ಒಂದು ಕಾಗದದ ಚೂರು, ನಿಂಬೆಹಣ್ಣಿನ ಗಾತ್ರದ ಗುಂಡಗಿನ ವಸ್ತು.

ಕೆಲವು ಮಾತುಗಳನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಕ್ಕಳದ ಎರಡು ಉದ್ದನೆಯ ಪಟ್ಟಿಗಳನ್ನು ತೋಳು ಎನ್ನುತ್ತೇನೆ. ಅವು ಕೂಡುವ ಜಾಗ ಕೀಲು. ಆಹಾರವನ್ನು ಹಿಡಿಯುವ ತುದಿ ಬಾಯಿ. ತೋಳುಗಳು ತೆರೆದುಕೊಳ್ಳದಂತೆ ಮುಚ್ಚಿಡುವ ಕೊಂಡಿಯೇ ಲಾಕ್.

ಹಂತ 1: ಯಾವ ಕೆಲಸಕ್ಕೆ ಎಂಬುದನ್ನು ನಿರ್ಧರಿಸಿ

ಕನ್ನಡದಲ್ಲಿ ಇಕ್ಕಳ ಎಂಬ ಒಂದೇ ಪದ ಎರಡು ಬೇರೆ ಸಾಧನಗಳಿಗೆ ಸಲ್ಲುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ. ಒಂದು, ಬಿಸಿ ಪಾತ್ರೆಯ ಅಂಚನ್ನು ಕಚ್ಚಿ ಹಿಡಿದು ಇಳಿಸುವ ಕತ್ತರಿಯಾಕಾರದ ಇಕ್ಕಳ. ಇನ್ನೊಂದು, ಆಹಾರವನ್ನು ಹಿಡಿದು ಎತ್ತುವ, ತಿರುವುವ, ಬಡಿಸುವ ಇಕ್ಕಳ. ಇದನ್ನೇ ಕೆಲವರು ಚಿಮಟ ಎನ್ನುತ್ತಾರೆ. ಈ ಲೇಖನ ಎರಡನೆಯದರ ಕುರಿತು.

ಒಂದರ ಕೆಲಸಕ್ಕೆ ಇನ್ನೊಂದು ಏಕೆ ಆಗದು ಎಂಬುದನ್ನು ಅರ್ಥಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಕತ್ತರಿಯಾಕಾರದ ಇಕ್ಕಳದಲ್ಲಿ ಕೀಲು ಬಾಯಿಯ ಹತ್ತಿರವಿರುತ್ತದೆ. ಹಿಡಿಯುವ ಕೈ ಕೀಲಿನಿಂದ 15 ಸೆಂ.ಮೀ. ದೂರದಲ್ಲಿ, ಬಾಯಿ 5 ಸೆಂ.ಮೀ. ದೂರದಲ್ಲಿ ಇದ್ದರೆ ನಿಮ್ಮ ಕೈಬಲ ಬಾಯಿಗೆ ತಲಪುವಾಗ ಮೂರು ಪಟ್ಟಾಗುತ್ತದೆ. ಆಹಾರ ಹಿಡಿಯುವ ಇಕ್ಕಳದಲ್ಲಿ ಇದು ತಿರುವುಮುರುವು. ಕೀಲು ಒಂದು ತುದಿಯಲ್ಲಿ, ಬಾಯಿ ಮತ್ತೊಂದು ತುದಿಯಲ್ಲಿ, ಕೈ ಮಧ್ಯದಲ್ಲಿ. 30 ಸೆಂ.ಮೀ. ಇಕ್ಕಳವನ್ನು ಕೀಲಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿದರೆ ಬಾಯಿಗೆ ಸಿಗುವುದು ನಿಮ್ಮ ಬಲದ ಮೂರನೆಯ ಒಂದು ಭಾಗ ಮಾತ್ರ. ಅದರಲ್ಲೂ ಒಂದಿಷ್ಟನ್ನು ಸ್ಪ್ರಿಂಗ್ ನುಂಗುತ್ತದೆ. ಬಲ ಕಡಿಮೆಯಾದ ಬದಲಿಗೆ ಬಾಯಿ ಹೆಚ್ಚು ಅಗಲ ತೆರೆಯುತ್ತದೆ, ಮೃದು ತುಂಡುಗಳನ್ನು ಹಿಸುಕದೆ ಎತ್ತಬಹುದು.

ಎಚ್ಚರಿಕೆ: ಆಹಾರದ ಇಕ್ಕಳದಿಂದ ಬಿಸಿ ಪಾತ್ರೆ, ಕುದಿಯುವ ಸಾರಿನ ತಪ್ಪಲೆ, ಓವನ್‌ನ ತಟ್ಟೆ ಯಾವುದನ್ನೂ ಎತ್ತಬೇಡಿ. ಒಂದು ಕ್ಷಣಕ್ಕೆ ಎಂದು ಕೂಡ ಬೇಡ.

ಹಂತ 2: ಉದ್ದವನ್ನು ನಿಮ್ಮ ಪಾತ್ರೆಯಿಂದ ಲೆಕ್ಕ ಹಾಕಿ

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 9 ಅಂಗುಲ (ಸುಮಾರು 23 ಸೆಂ.ಮೀ.), 12 ಅಂಗುಲ (30 ಸೆಂ.ಮೀ.), 16 ಅಂಗುಲ (40 ಸೆಂ.ಮೀ.). ಉದ್ದವಾದಷ್ಟೂ ಸುರಕ್ಷಿತ ಎಂದು ಅನೇಕರು ನಂಬಿದ್ದಾರೆ. ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಉದ್ದ ಹೆಚ್ಚಿದಂತೆ ಬಾಯಿಯ ಬಲ ಕುಗ್ಗುತ್ತದೆ, ಗುರಿಯೂ ತಪ್ಪುತ್ತದೆ. 40 ಸೆಂ.ಮೀ. ಇಕ್ಕಳ ಕೆಂಡದ ಮೇಲೆ ಸುಡುವ ಕೆಲಸಕ್ಕೆ ಸರಿ. ಒಲೆಯ ಮೇಲಿನ ಸಣ್ಣ ಬಾಣಲೆಗೆ ಅದು ಹೊರೆ.

ಹೀಗೆ ಲೆಕ್ಕ ಹಾಕಿ. ನೀವು ದಿನವೂ ಬಳಸುವ ಪಾತ್ರೆಗಳಲ್ಲಿ ಹೆಚ್ಚು ಆಳವಾದದ್ದರ ಆಳವನ್ನು ಅಳೆಯಿರಿ. ಅದಕ್ಕೆ ಕೈ ಹಿಡಿಯುವ ಭಾಗಕ್ಕೆಂದು 12 ಸೆಂ.ಮೀ. ಸೇರಿಸಿ. ಪಾತ್ರೆಯ ಅಂಚಿಗೂ ಬೆರಳಿಗೂ ನಡುವೆ ಇರಲೇಬೇಕಾದ ಅಂತರಕ್ಕೆ ಇನ್ನೂ 6 ಸೆಂ.ಮೀ. ಸೇರಿಸಿ. ಪಾತ್ರೆ 12 ಸೆಂ.ಮೀ. ಆಳವಿದ್ದರೆ 30 ಸೆಂ.ಮೀ. ಆಯಿತು. ಚಪ್ಪಟೆ ಬಾಣಲೆಯಲ್ಲಷ್ಟೇ ಅಡುಗೆ ಮಾಡುವವರಿಗೆ 23 ಸೆಂ.ಮೀ. ಸಾಕು. ಎಲ್ಲ ಕೆಲಸಕ್ಕೂ ಒಂದನ್ನೇ ಕೊಳ್ಳುವುದಾದರೆ 30 ಸೆಂ.ಮೀ. ನನ್ನ ಆಯ್ಕೆ. ಎರಡನ್ನು ಕೊಳ್ಳಬಲ್ಲಿರಾದರೆ 23 ಮತ್ತು 30 ತೆಗೆದುಕೊಳ್ಳಿ. ಎರಡು ಇದ್ದರೆ ಇನ್ನೊಂದು ಅನುಕೂಲವೂ ಉಂಟು, ಅದನ್ನು ಹಂತ 7ರಲ್ಲಿ ಹೇಳುತ್ತೇನೆ.

ಹಂತ 3: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಇದು ಈ ಲೇಖನದ ಮುಖ್ಯ ಹಂತ. ಚಿತ್ರ ನೋಡಿ ಇಕ್ಕಳ ಕೊಳ್ಳುವುದು, ಹಾಕಿ ನೋಡದೆ ಚಪ್ಪಲಿ ಕೊಂಡಂತೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಹಿಂದಿರುಗಿಸಲು ಅವಕಾಶವಿರುವ ಕಡೆಯೇ ಕೊಳ್ಳಿ, ಒಲೆಯ ಹತ್ತಿರ ಒಯ್ಯುವ ಮೊದಲು ಈ ಪರೀಕ್ಷೆಗಳನ್ನು ಮುಗಿಸಿ.

ಮೊದಲನೆಯದು ಆಯಾಸದ ಪರೀಕ್ಷೆ. ನೀವು ಅಡುಗೆ ಮಾಡುವ ಕೈಯಲ್ಲೇ ಹಿಡಿದು, ಬಾಯಿ ಪೂರ್ತಿ ಮುಚ್ಚುವಂತೆ ಮೂವತ್ತು ಸಲ ಅದುಮಿ. ಆಮೇಲೆ ಮುಚ್ಚಿದ ಸ್ಥಿತಿಯಲ್ಲೇ ಇಪ್ಪತ್ತು ಎಣಿಸುವವರೆಗೆ ಹಿಡಿದುಕೊಳ್ಳಿ. ಹೆಬ್ಬೆರಳಿನ ಬುಡದಲ್ಲಿ ಸೆಳೆತ ಬಂದರೆ, ಬೆರಳು ನಡುಗಿದರೆ, ಆ ಇಕ್ಕಳ ನಿಮ್ಮದಲ್ಲ. ಸಂಧಿವಾತ ಇರುವವರಿಗೆ, ವಯಸ್ಸಾದವರಿಗೆ, ಸಣ್ಣ ಕೈಯವರಿಗೆ ಈ ಪರೀಕ್ಷೆಯೊಂದೇ ಅರ್ಧ ತೀರ್ಮಾನವನ್ನು ಮಾಡಿಕೊಡುತ್ತದೆ. ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರು ಬೇರೆಯವರಾಗಿದ್ದರೆ ಪರೀಕ್ಷೆಯೂ ಅವರ ಕೈಯಲ್ಲೇ ನಡೆಯಲಿ. ಕೊಳ್ಳುವವರ ಕೈ ಒಂದು, ಬಳಸುವವರ ಕೈ ಇನ್ನೊಂದು ಆದಾಗ ಎಷ್ಟೋ ಒಳ್ಳೆಯ ಸಾಧನಗಳು ಡ್ರಾಯರ್‌ನಲ್ಲೇ ಉಳಿದುಬಿಡುತ್ತವೆ.

ಸ್ಪ್ರಿಂಗಿನಲ್ಲೂ ಬಗೆಗಳಿವೆ. ಕೆಲವು ಇಕ್ಕಳಗಳಲ್ಲಿ ಕೀಲಿನ ಒಳಗೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಇನ್ನು ಕೆಲವು ಒಂದೇ ಪಟ್ಟಿಯನ್ನು ಮಡಚಿ ಮಾಡಿದವು, ಅಲ್ಲಿ ಲೋಹದ ಬಾಗುವಿಕೆಯೇ ಸ್ಪ್ರಿಂಗ್. ಮಡಚಿದವು ಹಗುರ, ತೊಳೆಯಲು ಸುಲಭ. ಆದರೆ ಹೆಚ್ಚು ಅದುಮಿದರೆ ತೋಳು ಶಾಶ್ವತವಾಗಿ ಬಾಗಿ, ಬಾಯಿ ಮತ್ತೆ ಪೂರ್ತಿ ತೆರೆಯದೆ ಹೋಗಬಹುದು. ಸುರುಳಿ ಸ್ಪ್ರಿಂಗಿನವು ಹೆಚ್ಚು ಬಾಳುತ್ತವೆ, ಆದರೆ ಕೀಲಿನ ಸಂದಿಯಲ್ಲಿ ಜಿಡ್ಡು ಕೂರುತ್ತದೆ.

ಎರಡನೆಯದು ಕಾಗದದ ಪರೀಕ್ಷೆ. ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದ ಕಾಗದದ ಚೂರನ್ನು ಇಕ್ಕಳದಿಂದ ಎತ್ತಿ. ಬಾಯಿಯ ಎರಡೂ ಅಂಚುಗಳು ಸರಿಯಾಗಿ ಕೂಡಿದರೆ ಎತ್ತುತ್ತದೆ. ನಡುವೆ ಸಂದು ಉಳಿದರೆ ತೆಳ್ಳಗಿನ ತರಕಾರಿ ಹೋಳು, ಸೊಪ್ಪು, ನೂಡಲ್ಸ್ ಎಲ್ಲವೂ ಜಾರುತ್ತವೆ.

ಮೂರನೆಯದು ತಿರುಚುವ ಪರೀಕ್ಷೆ. ನಿಂಬೆಹಣ್ಣನ್ನು ಹಿಡಿದು ಮಣಿಕಟ್ಟನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ. ಅಡುಗೆಯಲ್ಲಿ ತುಂಡನ್ನು ಮಗುಚುವುದು ಇದೇ ಚಲನೆ. ತೋಳುಗಳು ಒಂದರ ಪಕ್ಕ ಒಂದು ಸರಿದು ಬಾಯಿ ಓರೆಯಾದರೆ ಲೋಹ ತೆಳುವಾಗಿದೆ ಅಥವಾ ಕೀಲು ಸಡಿಲವಾಗಿದೆ ಎಂದರ್ಥ. ಹಣ್ಣು ಜಾರಿ ಮೇಜಿನ ಮೇಲೆ ಬಿದ್ದರೆ ಪರವಾಗಿಲ್ಲ. ನಾಳೆ ಬೀಳುವುದು ಕಾದ ಎಣ್ಣೆಯಲ್ಲಿ ಎಂಬುದನ್ನು ಮನಸ್ಸಿನಲ್ಲಿಟ್ಟು ತೀರ್ಮಾನಿಸಿ.

ಕೊನೆಗೆ, ತೋಳುಗಳ ಅಂಚಿನ ಮೇಲೆ ಬೆರಳಾಡಿಸಿ. ಒಳಮಡಚಿದ ಅಥವಾ ಉರುಟಾಗಿ ಉಜ್ಜಿದ ಅಂಚು ಇರಬೇಕು. ಕತ್ತರಿಸಿ ಹಾಗೇ ಬಿಟ್ಟ ತಗಡಿನ ಅಂಚು ತೊಳೆಯುವಾಗ ಬೆರಳು ಕೊಯ್ಯುತ್ತದೆ.

ಹಂತ 4: ಬಾಯಿಯ ಆಕಾರ

ಅಲೆಯಂತೆ ಬಾಗಿದ, ಹೂವಿನ ದಳದಂಥ ಅಂಚು ದಿನಬಳಕೆಗೆ ಉತ್ತಮ. ಅದು ಆಹಾರವನ್ನು ಅಪ್ಪುತ್ತದೆ, ಹರಿಯುವುದಿಲ್ಲ. ಗರಗಸದಂಥ ಚೂಪು ಹಲ್ಲಿನ ಬಾಯಿ ಬಿಗಿಯಾಗಿ ಕಚ್ಚುತ್ತದೆ ನಿಜ, ಆದರೆ ಮೀನಿನ ತುಂಡು, ಮೆತ್ತಗೆ ಬೆಂದ ತರಕಾರಿ ಅದರಲ್ಲಿ ಛಿದ್ರವಾಗುತ್ತವೆ. ಅಗಲವಾದ ಚಪ್ಪಟೆ ಬಾಯಿ ಬ್ರೆಡ್ಡಿನಂಥ ಅಗಲ ವಸ್ತುಗಳಿಗೆ ಸರಿ. ಕತ್ತರಿಯ ಹಿಡಿಯಂತೆ ಬೆರಳು ತೂರಿಸುವ ಬಡಿಸುವ ಇಕ್ಕಳಗಳನ್ನು ಒಲೆಯ ಮೇಲೆ ಬಳಸಬೇಡಿ. ಎಣ್ಣೆ ಸಿಡಿದಾಗ ಕೈಯನ್ನು ಥಟ್ಟನೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಹಂತ 5: ಯಾವ ವಸ್ತುವಿನದು?

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬಂದೆವು. ಉತ್ತರ ನಿಮ್ಮ ಬಾಣಲೆಯಲ್ಲಿದೆ. ನಾನ್‌ಸ್ಟಿಕ್ ಲೇಪನವಿರುವ ಬಾಣಲೆಗೆ ಲೋಹದ ಬಾಯಿ ಸಲ್ಲದು. ಒಂದೊಂದು ಗೀರಿನಿಂದಲೂ ಲೇಪನ ಸ್ವಲ್ಪ ಸ್ವಲ್ಪವಾಗಿ ಏಳುತ್ತದೆ. ಸ್ಟೀಲ್, ಬೀಡುಕಬ್ಬಿಣ, ಕಬ್ಬಿಣದ ಬಾಣಲೆಗಳಿಗೆ ಲೋಹದ ಇಕ್ಕಳದಿಂದ ತೊಂದರೆಯಿಲ್ಲ.

ಸ್ಟೇನ್‌ಲೆಸ್ ಸ್ಟೀಲ್. ಎಲ್ಲಕ್ಕಿಂತ ಹೆಚ್ಚು ಬಾಳುವುದು ಇದೇ. ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಇಕ್ಕಳದ ಮೇಲೆ 18/8 ಎಂದು ಬರೆದಿದ್ದರೆ ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಎಂದು ಓದಿಕೊಳ್ಳಿ. 18/0 ಎಂದರೆ ನಿಕ್ಕಲ್ ಇಲ್ಲದ್ದು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಅಯಸ್ಕಾಂತ ಅಂಟಿದರೆ ಕಲಬೆರಕೆ ಸ್ಟೀಲ್ ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. 18/0 ಸ್ಟೀಲಿಗೆ ಅಯಸ್ಕಾಂತ ಅಂಟುವುದು ಸಹಜ, ಅದು ಒಳ್ಳೆಯ ಸ್ಟೀಲೇ. ಉಪ್ಪು, ಹುಳಿ ಹೆಚ್ಚು ಹೊತ್ತು ತಾಗಿದರೆ 18/8ಕ್ಕಿಂತ ಬೇಗ ಕಲೆ ಹಿಡಿಯುತ್ತದೆ, ಅಷ್ಟೆ. 18/8 ಸ್ಟೀಲು ಕೂಡ ಮಡಚಿದ ಜಾಗದಲ್ಲಿ ಅಯಸ್ಕಾಂತವನ್ನು ಸ್ವಲ್ಪ ಸೆಳೆಯಬಹುದು. ಹಾಗಾದರೆ ಅಯಸ್ಕಾಂತ ಏಕೆ? 18/8 ಎಂದು ಬರೆದ ಇಕ್ಕಳದ ತೋಳಿನ ನೇರ ಭಾಗಕ್ಕೇ ಅದು ಗಟ್ಟಿಯಾಗಿ ಕಚ್ಚಿಕೊಂಡರೆ ಬರೆದದ್ದನ್ನು ಅನುಮಾನಿಸಲು ಕಾರಣ ಸಿಕ್ಕಿತು. ನಿಕ್ಕಲ್ ತಾಗಿದರೆ ತುರಿಕೆ, ಗಂಧೆ ಏಳುವ ಚರ್ಮದವರು 18/0 ಅಥವಾ ಹಿಡಿಗೆ ಸಿಲಿಕೋನ್ ಹೊದಿಸಿದ್ದನ್ನು ಆರಿಸಿಕೊಳ್ಳಲಿ.

ನಿಜಕ್ಕೂ ದೂರವಿಡಬೇಕಾದದ್ದು ಕ್ರೋಮಿಯಂ ಅಥವಾ ನಿಕ್ಕಲ್ ಲೇಪಿಸಿದ ಸಾದಾ ಕಬ್ಬಿಣದ ಇಕ್ಕಳವನ್ನು. ಹೊಸದರಲ್ಲಿ ಕನ್ನಡಿಯಂತೆ ಹೊಳೆಯುತ್ತದೆ, ಕೆಲವು ತಿಂಗಳಲ್ಲಿ ರಿವೆಟ್ (ತೋಳುಗಳನ್ನು ಕೀಲಿನಲ್ಲಿ ಬಂಧಿಸುವ ಮೊಳೆ) ಸುತ್ತ, ಅಂಚುಗಳಲ್ಲಿ ಲೇಪನ ಚಕ್ಕೆ ಏಳುತ್ತದೆ. ಆ ಚಕ್ಕೆ ಹೋಗುವುದು ಊಟದ ತಟ್ಟೆಗೆ. ರಿವೆಟ್ ತೂತಿನ ಒಳಅಂಚನ್ನು ಗಮನವಿಟ್ಟು ನೋಡಿದರೆ ಬಣ್ಣ ಬೇರೆಯಾಗಿರುವುದು, ಮಸುಕು ಕಂದು ಕಾಣುವುದು ಹಲವು ಸಲ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಸ್ಟೀಲ್ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುತ್ತದೆ. ಆದ್ದರಿಂದ ಬರಿಯ ಅಲ್ಯೂಮಿನಿಯಂ ಇಕ್ಕಳ ಎಷ್ಟು ಹಗುರವಾಗಿದ್ದರೂ ಒಲೆಗೆ ಬೇಡ. ಸ್ಟೀಲಿನದನ್ನು ಸಹ ಬಾಣಲೆಯ ಅಂಚಿಗೆ ಒರಗಿಸಿಟ್ಟು ಮರೆತರೆ ಹಿಡಿ ಕಾಯುತ್ತದೆ. ಕಾದ ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಬೇಡಿ. ನೀರು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಶಾಖವನ್ನು ಚರ್ಮಕ್ಕೆ ದಾಟಿಸುತ್ತದೆ. ಒಣ ಬಟ್ಟೆಯೇ ಬೇಕು.

ಸಿಲಿಕೋನ್ ಬಾಯಿ. ನಾನ್‌ಸ್ಟಿಕ್ ಬಾಣಲೆಯವರಿಗೆ ನನ್ನ ಸಲಹೆ ಇದು: ಒಳಗೆ ಸ್ಟೀಲ್ ಇದ್ದು ಬಾಯಿಗೆ ಮಾತ್ರ ಸಿಲಿಕೋನ್ ಹೊದಿಸಿದ್ದು. ಪೂರ್ತಿ ಸಿಲಿಕೋನಿನದು ಭಾರಕ್ಕೆ ಬಳುಕುತ್ತದೆ. ತಾಳಿಕೆಯ ಉಷ್ಣತೆಯನ್ನು ಬರೆದಿರುವುದನ್ನೇ ಕೊಳ್ಳಿ, ಸಾಮಾನ್ಯವಾಗಿ 230 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಕರಿಯುವ ಎಣ್ಣೆ 170ರಿಂದ 190 ಡಿಗ್ರಿಯಲ್ಲಿ ಇರುವುದರಿಂದ ಅಷ್ಟು ಸಾಕು. ಉರಿಯ ಜ್ವಾಲೆಗೆ ಮಾತ್ರ ಸಿಲಿಕೋನನ್ನು ನೇರವಾಗಿ ಒಡ್ಡಬೇಡಿ, ಸುಟ್ಟು ಬಿಳಿ ಪುಡಿಯಾಗಿ ಉದುರುತ್ತದೆ. ಕೊಳ್ಳುವಾಗ ಮೂಗಿನ ಹತ್ತಿರ ಹಿಡಿಯಿರಿ. ಕಟುವಾದ ರಬ್ಬರ್ ವಾಸನೆ ಬರುವುದನ್ನು ಬಿಟ್ಟುಬಿಡಿ. ಎಳೆದಾಗ ಬಿಳಿಯಾದರೆ ಕಲಬೆರಕೆ ಎಂಬ ಪರೀಕ್ಷೆ ಬಹಳ ಪ್ರಚಾರದಲ್ಲಿದೆ, ಆದರೆ ಬಣ್ಣ, ದಪ್ಪಗಳಿಂದಲೂ ಆ ಬದಲಾವಣೆ ಆಗಬಹುದು, ಅದೊಂದನ್ನೇ ನಂಬಬೇಡಿ. ಸ್ಟೀಲಿಗೂ ಸಿಲಿಕೋನಿಗೂ ನಡುವಿನ ಸೇರುವೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ಎದ್ದರೆ ಅಲ್ಲಿ ನೀರು ಜಿಡ್ಡು ಸೇರಿ ಕೊಳೆಯುತ್ತದೆ.

ನೈಲಾನ್ ಮತ್ತು ಕಪ್ಪು ಪ್ಲಾಸ್ಟಿಕ್. ನೈಲಾನ್ ಎಂದರೆ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್. ಕೆಲವು ಬಗೆಯ ನೈಲಾನ್ ಸುಮಾರು 220 ಡಿಗ್ರಿಯಲ್ಲೇ ಕರಗುತ್ತದೆ. ಖಾಲಿ ಬಾಣಲೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಅದನ್ನು ಮುಟ್ಟಿಬಿಡುತ್ತದೆ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಬಿಎಫ್‌ಆರ್ 2019ರಲ್ಲಿ, ಪಾಲಿಅಮೈಡ್ ಸಾಧನಗಳಿಂದ ಅದರ ಚಿಕ್ಕ ಅಣುಸರಪಳಿಗಳು ಆಹಾರಕ್ಕೆ ಇಳಿಯಬಹುದು, 70 ಡಿಗ್ರಿಗಿಂತ ಬಿಸಿಯಾದ ಆಹಾರದೊಡನೆ ಅವುಗಳ ಸಂಪರ್ಕ ಆದಷ್ಟು ಕಡಿಮೆ ಹೊತ್ತು ಇರಲಿ ಎಂದು ಸೂಚಿಸಿತು. ಒಲೆಯ ಮೇಲಿನ ಅಡುಗೆಯೆಲ್ಲ 70 ಡಿಗ್ರಿಗಿಂತ ಮೇಲೆಯೇ ನಡೆಯುತ್ತದೆ.

ಕಪ್ಪು ಪ್ಲಾಸ್ಟಿಕ್ಕಿನ ಭಯ ಹಬ್ಬಿದ್ದು 2024ರ ಅಧ್ಯಯನವೊಂದರಿಂದ. ಹಳೆಯ ಎಲೆಕ್ಟ್ರಾನಿಕ್ ವಸ್ತುಗಳ ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಬೆಂಕಿನಿರೋಧಕ ರಾಸಾಯನಿಕಗಳು ಅಡುಗೆ ಸಾಧನಗಳಿಗೂ ಬಂದಿವೆ ಎಂದು ಅದು ತೋರಿಸಿತು. ಆಮೇಲೆ ಅದರಲ್ಲಿ ಗುಣಾಕಾರದ ತಪ್ಪು ಪತ್ತೆಯಾಯಿತು. ಆ ರಾಸಾಯನಿಕಗಳಲ್ಲಿ ಒಂದಕ್ಕೆ, 60 ಕಿಲೋ ತೂಕದವರಿಗೆ ದಿನವೊಂದರ ಸುರಕ್ಷಿತ ಮಿತಿ 4,20,000 ನ್ಯಾನೋಗ್ರಾಂ ಎಂದು ಬರಬೇಕಾದಲ್ಲಿ 42,000 ಎಂದು ಬರೆದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ತಿದ್ದುಪಡಿ ಪ್ರಕಟವಾಯಿತು. ಅಂದರೆ ಅಪಾಯದ ಪ್ರಮಾಣ ಮೊದಲು ಹೇಳಿದಷ್ಟು ಮಿತಿಗೆ ಹತ್ತಿರವಿರಲಿಲ್ಲ, ರಾಸಾಯನಿಕ ಸಿಕ್ಕಿದ್ದು ಮಾತ್ರ ಸುಳ್ಳಾಗಲಿಲ್ಲ. ಮನೆಯಲ್ಲಿ ಇರುವ ನೈಲಾನ್ ಇಕ್ಕಳಕ್ಕಾಗಿ ಗಾಬರಿಪಡಬೇಡಿ, ಅದನ್ನು ತಣ್ಣನೆಯ ಆಹಾರ ಬಡಿಸಲು ಇಟ್ಟುಕೊಳ್ಳಿ. ಹೊಸದಾಗಿ ಒಲೆಗೆಂದು ಕೊಳ್ಳಬೇಡಿ.

ಒಣಗಿದ ಮರ ಮತ್ತು ಬಿದಿರು ಶಾಖವನ್ನೂ ವಿದ್ಯುತ್ತನ್ನೂ ಸುಲಭವಾಗಿ ಸಾಗಿಸುವುದಿಲ್ಲ. ಟೋಸ್ಟರ್‌ನಿಂದ ಬ್ರೆಡ್ ತೆಗೆಯಲು ಮರದ್ದೊಂದೇ ಸರಿ, ಅದೂ ಪ್ಲಗ್ ಕಿತ್ತ ಮೇಲೆ. ಹಸಿ ಮಾಂಸಕ್ಕೆ ಮರ ಬೇಡ, ನೆನೆಸಿಡುವುದೂ ಬೇಡ.

ಹಂತ 6: ಲಾಕ್

ತುದಿಯ ಬಳೆಯನ್ನು ಎಳೆದರೆ ಮುಚ್ಚುವ, ತಳ್ಳಿದರೆ ತೆರೆಯುವ ಲಾಕ್ ಒಳ್ಳೆಯದು. ಲಾಕ್ ಬಿಚ್ಚಲು ಎರಡೂ ಕೈ ಬೇಕಾಗುವ ಇಕ್ಕಳವನ್ನು ಬಿಡಿ. ಒಂದು ಕೈ ಬಾಣಲೆಯ ಹಿಡಿಯ ಮೇಲಿರುತ್ತದೆ. ತಲೆಕೆಳಗು ಮಾಡಿದರೆ ತಾನಾಗಿ ಮುಚ್ಚುವ ಲಾಕುಗಳೂ ಇವೆ. ಇವು ಕೆಲಸದ ನಡುವೆ ಕೈ ಮೇಲೆತ್ತಿದಾಗ ಮುಚ್ಚಿಕೊಳ್ಳುವುದುಂಟು, ನನಗೆ ಒಪ್ಪಿಗೆಯಿಲ್ಲ. ಅಂಗಡಿಯಲ್ಲಿ ಲಾಕ್ ಹಾಕಿ ಜೋರಾಗಿ ಅಲ್ಲಾಡಿಸಿ ನೋಡಿ. ಬಿಚ್ಚಿಕೊಂಡರೆ ಡ್ರಾಯರ್‌ನಲ್ಲಿ ಅಗಲ ತೆರೆದು ಡ್ರಾಯರ್ ಎಳೆಯಲು ಬಾರದಂತೆ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಮೊದಲ ಇಕ್ಕಳವನ್ನು ಬಿಡಿಸಲು ಡ್ರಾಯರ್ ಹಲಗೆಯನ್ನೇ ಕಳಚಬೇಕಾಗಿತ್ತು.

ಹಂತ 7: ಮನೆಗೆ ತಂದ ಮೇಲೆ

ಮೊದಲು ಬಿಸಿನೀರು, ಸಾಬೂನಿನಲ್ಲಿ ಕೀಲಿನ ಒಳಗೂ ತೊಳೆಯಿರಿ. ತಯಾರಿಕೆಯ ಎಣ್ಣೆ ಅಲ್ಲಿ ಉಳಿದಿರುತ್ತದೆ.

ಹಸಿ ಮಾಂಸ, ಮೀನು ಮುಟ್ಟಿದ ಇಕ್ಕಳ ಬೆಂದದ್ದನ್ನು ಮುಟ್ಟಬಾರದು. ಬಹಳ ಜನ ತಪ್ಪುವುದು ಇಲ್ಲಿ: ಹಸಿ ತುಂಡನ್ನು ಬಾಣಲೆಗೆ ಹಾಕಿದ ಇಕ್ಕಳದಿಂದಲೇ ಬೆಂದದ್ದನ್ನು ತಟ್ಟೆಗೆ ತೆಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲಿ ಹಸಿಯನ್ನೂ ಬೆಂದದ್ದನ್ನೂ ಬೇರೆಯಾಗಿಡುವುದು ಒಂದು. ಆಹಾರದ ಒಳಭಾಗ 70 ಡಿಗ್ರಿ ಮುಟ್ಟುವಂತೆ ಬೇಯಿಸಬೇಕೆಂಬುದೂ ಅಲ್ಲೇ ಇದೆ. ಹಾಗೆ ಬೇಯಿಸಿ ಕೊಂದ ರೋಗಾಣುಗಳನ್ನು ಇಕ್ಕಳದ ಬಾಯಿಂದ ಮತ್ತೆ ತಟ್ಟೆಗೆ ತರುವುದರಲ್ಲಿ ಅರ್ಥವಿಲ್ಲ. ಎರಡು ಇಕ್ಕಳ ಇರಲಿ ಎಂದದ್ದು ಇದಕ್ಕೇ: ಚಿಕ್ಕದು ಹಸಿಗೆ, ದೊಡ್ಡದು ಬೆಂದದ್ದಕ್ಕೆ. ಒಂದೇ ಇದ್ದರೆ ನಡುವೆ ಸಾಬೂನು ಹಾಕಿ ತೊಳೆದು ಒರೆಸಿ.

ಬಿಸಿ ಎಣ್ಣೆಗೆ ಇಕ್ಕಳ ಇಳಿಸುವ ಮೊದಲು ಕೀಲು, ಬಾಯಿ, ತೋಳಿನ ಮಡಿಕೆ ಎಲ್ಲವೂ ಪೂರ್ತಿ ಒಣಗಿರಲಿ. ಟೊಳ್ಳು ತೋಳಿನ ಇಕ್ಕಳಗಳು ಒಳಗೆ ನೀರನ್ನು ಬಚ್ಚಿಟ್ಟುಕೊಳ್ಳುತ್ತವೆ. ಆ ಹನಿ ಎಣ್ಣೆಗೆ ಬಿದ್ದೊಡನೆ ಆವಿಯಾಗಿ ಸಿಡಿಯುತ್ತದೆ. ತುಂಡನ್ನು ಎಣ್ಣೆಗೆ ಬಿಡುವಾಗ ಮೇಲಿನಿಂದ ಹಾಕದೆ, ಬಾಯಿ ಎಣ್ಣೆಯ ಮೇಲ್ಮೈ ಮುಟ್ಟುವಷ್ಟು ಇಳಿಸಿ, ನಿಮ್ಮಿಂದ ಆಚೆಗೆ ಬಿಡಿ. ಕುದಿಯುವ ಪಾತ್ರೆಯ ನೇರ ಮೇಲೆ ಕೈ ಒಡ್ಡದೆ ಪಕ್ಕದಿಂದ ಹಿಡಿಯಿರಿ, ಆವಿಯೂ ಸುಡುತ್ತದೆ.

ಇಷ್ಟಾದರೂ ಕೈ ಸುಟ್ಟರೆ ಉಂಗುರ, ಬಳೆ ತೆಗೆದು 20 ನಿಮಿಷ ತಂಪು ನೀರಿನ ಧಾರೆಯ ಕೆಳಗೆ ಹಿಡಿಯಿರಿ. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿ. ದೊಡ್ಡ ಸುಟ್ಟಗಾಯವಾದರೆ, ಮುಖಕ್ಕೆ ಅಥವಾ ಮಗುವಿಗೆ ಆದರೆ ವೈದ್ಯರ ಬಳಿ ಹೋಗಿ.

ತೊಳೆಯಲು ಉಕ್ಕಿನ ನಾರು ಬಳಸಬೇಡಿ. ಅದರ ಕಬ್ಬಿಣದ ಕಣಗಳು ಸ್ಟೀಲಿನ ಮೇಲೆ ಉಳಿದು ಅವೇ ತುಕ್ಕು ಹಿಡಿಯುತ್ತವೆ, ಇಕ್ಕಳ ಕೆಟ್ಟಿತೆಂದು ನೀವು ತಿಳಿಯುತ್ತೀರಿ. ಕ್ಲೋರಿನ್ ಬ್ಲೀಚ್ ಸ್ಟೀಲಿನಲ್ಲಿ ಸಣ್ಣ ಗುಳಿ ಕೊರೆಯುತ್ತದೆ, ಅದೂ ಬೇಡ. ಕೀಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತೊಳೆದ ಮೇಲೆ ಲಾಕ್ ಹಾಕದೆ, ಬಾಯಿ ಕೆಳಗೆ ಮಾಡಿ ತೂಗುಹಾಕಿದರೆ ಕೀಲಿನ ನೀರು ಇಳಿದು ಹೋಗುತ್ತದೆ.

ಹಂತ 8: ಯಾವಾಗ ಬದಲಾಯಿಸಬೇಕು

ತಿಂಗಳಿಗೊಮ್ಮೆ ಕಾಗದದ ಪರೀಕ್ಷೆಯನ್ನು ಮತ್ತೆ ಮಾಡಿ. ಬಾಯಿ ಕೂಡದಿದ್ದರೆ ತೋಳು ಬಾಗಿದೆ. ಒಮ್ಮೆ ಕೈಯಿಂದ ನೇರ ಮಾಡಬಹುದು, ಮತ್ತೆ ಬಾಗಿದರೆ ಲೋಹ ಸೋತಿದೆ. ಸಿಲಿಕೋನ್ ಸೀಳಿದರೆ, ಅಂಟಂಟಾದರೆ, ಎಷ್ಟು ತೊಳೆದರೂ ಹಳೆಯ ಎಣ್ಣೆಯ ವಾಸನೆ ಬಿಡದಿದ್ದರೆ ಒಲೆಯಿಂದ ದೂರ ಮಾಡಿ. ನೈಲಾನಿನ ತುದಿ ಕರಗಿ ಒರಟಾದರೆ ಅಂದೇ ಎಸೆಯಿರಿ. ಲೇಪನ ಚಕ್ಕೆ ಏಳುತ್ತಿರುವುದನ್ನು ಕೂಡ ಇಟ್ಟುಕೊಳ್ಳಬೇಡಿ. ರಿವೆಟ್ ಸಡಿಲವಾಗಿ ತೋಳು ಅಲುಗಾಡುವ ಸ್ಟೀಲ್ ಇಕ್ಕಳವನ್ನು ಮಾತ್ರ ಎಸೆಯುವ ಮೊದಲು, ರಿವೆಟ್ಟನ್ನು ಗಟ್ಟಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಎರಡು ಹಗುರ ಪೆಟ್ಟು ಕೊಟ್ಟು ನೋಡಿ. ಹಲವು ಸಲ ಅಷ್ಟಕ್ಕೇ ಬಿಗಿಯಾಗುತ್ತದೆ. ಆಮೇಲೆ ನಿಂಬೆಹಣ್ಣು ಹಿಡಿದು ತಿರುಚಿ ನೋಡಿದ ಹೊರತು ಒಲೆಗೆ ಮರಳಿ ತರಬೇಡಿ.